ಹಾರುವ ಗೊಂಬೆಗೆ ಹಗುರಾದ ಹೊದಿಕೆ

ಯಲಬುರ್ಗಿಯಿಂದ ಸೋದರಿಯೊಬ್ಬರು ಈ ಪುಟಕ್ಕೆ ಕಾಗದ ಬರೆದು ಎರಡು ಪ್ರಶ್ನೆಗಳನ್ನು ಕೇಳಿರುವರು. ಅವರ ಮಗನು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿರುವನು. ಅಂಚೆಯಿಂದ ತರಿಸಿದ ಹಗುರು ಕಟ್ಟಿಗೆಯ ಕಡ್ಡಿಗಳಿಂದ ಅವನು ಮೊಳದುದ್ದದ ವಿಮಾನವೊಂದನ್ನು ಕಟ್ಟಿದನಂತೆ. ಎಲುಬುಗೂಡು ಚೆನ್ನಾಗಿಯೇ ಕೂಡಿ ಬಂದಿತು. ಆದರೆ ಅದರ ಮೇಲೆ ತೆಳುಕಾಗದ ಹೊದಿಸಿ ನೀರು ಚಿಮುಕಿಸಿದ ಕೂಡಲೆ ರೆಕ್ಕೆಗಳು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾದವು. ಸೊಟ್ಟು ಕಾಣದಿರಲೆಂದು ದಪ್ಪನಾಗಿ ಬಣ್ಣ ಬಳಿದರೆ ವಿಮಾನವು ನೆಲ ಬಿಟ್ಟು ಏಳಲೊಲ್ಲದು. ಇದಕ್ಕೆ ಉಪಾಯವೇನೆಂಬದು ಮೊದಲನೆಯ ಪ್ರಶ್ನೆ. ಮುಂದಿನ ವರುಷ ಹತ್ತನೆಯ ಇಯತ್ತೆಯ ಪರೀಕ್ಷೆ ಇರಲಾಗಿ ಈ ಆಟಕ್ಕೆ ಆಸ್ಪದ ಕೊಡಬೇಕೋ, ಅಥವಾ ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಏರಿಸಬೇಕೋ ಎಂಬದು ಎರಡನೆಯದು. ಮನೆಯ ಯಜಮಾನರ ಒಲವು ಅಟ್ಟದ ಕಡೆಗೇ ಇರುವದೆಂದು ಕಾಗದದ ಧಾಟಿಯಿಂದ ತಿಳಿಯುತ್ತದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುತ್ತ ಹೋದರೆ ಎರಡನೆಯದಕ್ಕೆ ದಾರಿ ತಾನಾಗಿ ತೆರೆಯುವದು. ಆದುದರಿಂದ ಕಾಗದ ಅಂಟುಗಳ ಮಾತನ್ನೇ ಮೊದಲು ಎತ್ತಿಕೊಳ್ಳುವೆನು.

ಸಂಸ್ಕೃತದ ‘ವಿಮಾನ’ ಶಬ್ದದಲ್ಲಿ ‘ಮಾ’ ಎಂಬ ಧಾತುವಿದೆ. ಅಳೆಯುವದೆಂದು ಅದರ ಅರ್ಥ. ಆಕಾಶವನ್ನು ಅಳೆಯುತ್ತ ಹೋಗುವದು ವಿಮಾನವೆಂದು ನಮ್ಮ ಗುರುಗಳು ಬಿಡಿಸಿ ಹೇಳುತ್ತಿದ್ದರು. ಆಕಾಶವನ್ನು ಅಳೆಯುವದು ಆಮೇಲಿನ ಮಾತು. ಕಟ್ಟುವವನು ಮೊದಲು ತನ್ನ ಅಂಟನ್ನೂ ಕಾಗದವನ್ನೂ ಅಳೆಯಬೇಕಾಗುವದು. ಸಂಸ್ಕೃತ ಓದಿದವನೆಂದು ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥದ ಸಂಗತಿಯನ್ನು ನನ್ನೊಡನೆ ಎತ್ತುವವರು ಆಗಾಗ ಸಿಗುತ್ತಾರೆ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದನ್ನು ಪರಿಶೀಲಿಸಿ, ಅದು ೨೦ನೆಯ ಶತಮಾನದ ಆರಂಭದ ಬರಹವೆಂದೂ ಅದರಲ್ಲಿಯ ಯಂತ್ರಗಳು ಹಾರಲಾರವೆಂದೂ ತೋರಿಸಿಕೊಟ್ಟಿರುವರು. ಶಾಸ್ತ್ರದ ಹೆಸರಿನಲ್ಲಿ ಹಾರದ ವಿಮಾನಕ್ಕಿಂತ ಹುಡುಗನ ಕೈಯಲ್ಲಿ ಹತ್ತು ಸೆಕೆಂಡು ಹಾರುವ ಕಡ್ಡಿಯ ವಿಮಾನವೇ ನನಗೆ ಹೆಚ್ಚು ಗೌರವದ್ದು.

ಈಗ ತೂಕದ ಲೆಕ್ಕವನ್ನು ನೋಡೋಣ. ರೆಕ್ಕೆಯ ಉದ್ದ ೪೦ ಸೆಂಟಿಮೀಟರು, ಅಗಲ ೧೦ ಸೆಂಟಿಮೀಟರು ಇದೆ ಎಂದು ತಿಳಿಯಿರಿ. ಮೇಲೆ ಕೆಳಗೆ ಎರಡೂ ಮಗ್ಗುಲು ಹೊದಿಸಲು ೮೦೦ ಚದರ ಸೆಂಟಿಮೀಟರು ಕಾಗದ ಬೇಕು. ಈ ಕೆಲಸಕ್ಕೆಂದೇ ದೊರೆಯುವ ಜಪಾನಿ ಟಿಶ್ಯೂ ಕಾಗದವು ಚದರ ಮೀಟರಿಗೆ ಸುಮಾರು ೧೨ ಗ್ರಾಮು ತೂಗುವದಾದರೆ, ನಮ್ಮ ರೆಕ್ಕೆಯ ಹೊದಿಕೆಯೆಲ್ಲ ಸೇರಿ ಒಂದು ಗ್ರಾಮು ಸಹ ತುಂಬುವದಿಲ್ಲ. ಅದೇ ಜಾಗಕ್ಕೆ ಚದರ ಮೀಟರಿಗೆ ೬೦ ಗ್ರಾಮು ತೂಗುವ ಶಾಲೆಯ ವಹಿಯ ಹಾಳೆಯನ್ನು ಅಂಟಿಸಿದರೆ ಹೆಚ್ಚುಕಡಿಮೆ ಐದು ಗ್ರಾಮು ಆಗುವದು. ನಾಲ್ಕು ಗ್ರಾಮು ಎಂದರೇನು ಮಹಾ ಎಂದು ಕೇಳಬಹುದು. ರಬ್ಬರಿನ ಹುರಿಯನ್ನು ತಿರುವಿ ಹಾರಿಸುವ ಇಷ್ಟು ದೊಡ್ಡ ವಿಮಾನವು ಒಟ್ಟು ೧೮ ಗ್ರಾಮಿನ ಆಚೀಚೆ ಇದ್ದರೆ ಚೆನ್ನ. ಅದರಲ್ಲಿ ನಾಲ್ಕು ಗ್ರಾಮೆಂದರೆ ಹೆಚ್ಚು ಕಡಿಮೆ ಕಾಲುಪಾಲು.

ಇನ್ನೊಂದು ಮಾತು. ಗಾಳಿಯು ರೆಕ್ಕೆಯನ್ನು ಎತ್ತಿ ಹಿಡಿಯುವ ಬಲವು ವೇಗದ ವರ್ಗದಂತೆ ಏರುವದು. ವಿಮಾನದ ತೂಕವು ನಾಲ್ಕು ಮಡಿಯಾದರೆ ಅದು ಗಾಳಿಯಲ್ಲಿ ನಿಲ್ಲಲು ಎರಡು ಮಡಿ ವೇಗದಿಂದ ಓಡಬೇಕು. ೧೮ ಗ್ರಾಮಿನದು ಮನುಷ್ಯನು ಮೆಲ್ಲನೆ ಓಡುವಷ್ಟು ವೇಗದಿಂದ ತೇಲುತ್ತಿದ್ದರೆ, ೭೨ ಗ್ರಾಮಿನದು ಕಲ್ಲೆಸೆದಂತೆ ಹೋಗಬೇಕಾಗುವದು. ಅಷ್ಟೇ ಅಲ್ಲ, ತೂಕ ನಾಲ್ಕು ಮಡಿ, ವೇಗ ಎರಡು ಮಡಿಯಾದಾಗ ಗೋಡೆಗೆ ತಾಕುವ ಪೆಟ್ಟು ಹದಿನಾರು ಮಡಿಯಾಗುವದು. ಗಟ್ಟಿಮುಟ್ಟಾಗಿರಲೆಂದು ಮಕ್ಕಳು ಮತ್ತಷ್ಟು ಅಂಟು ಹಚ್ಚಿ ಮತ್ತಷ್ಟು ಕಡ್ಡಿ ಸೇರಿಸುತ್ತಾರೆ. ಹಾಗೆ ಗಟ್ಟಿ ಮಾಡಿದ್ದೇ ಮೊದಲ ಬೀಳಿಗೆ ನುಚ್ಚಾಗುತ್ತದೆ. ಹಗುರಾದದ್ದು ಬೇಲಿಯ ಮೇಲೆ ಎಲೆ ಬಿದ್ದಂತೆ ಬಿದ್ದು ಉಳಿಯುತ್ತದೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗುರುವೇ ಹೆಚ್ಚೆಂದು ಎಲ್ಲೆಡೆ ಗುರುವನ್ನೇ ತುಂಬಿದರೆ ಪದ್ಯವು ನಡೆಯಲಾರದೆಂಬದನ್ನು ಸಂಸ್ಕೃತ ಕಲಿತ ಮಕ್ಕಳು ಬಲ್ಲರು.

ಹಗುರು ಕಟ್ಟಿಗೆಗೆ ನಮ್ಮ ಸೀಮೆಯವರು ಹೊಸಬರಲ್ಲ. ಕುಷ್ಟಗಿ ಯಲಬುರ್ಗಿಗಳ ಎರೆಹೊಲಗಳಲ್ಲಿ ಜೋಳ ಕೊಯ್ದ ಮೇಲೆ ಮಕ್ಕಳು ದಂಟಿನ ಬೆಂಡನ್ನೂ ಸಿಬಿರನ್ನೂ ಬೇರ್ಪಡಿಸಿ, ಬೆಂಡಿಗೆ ಸಿಬಿರು ಚುಚ್ಚಿ ಬಂಡಿ, ಎತ್ತು, ನೊಗಗಳನ್ನು ಮಾಡುವದನ್ನು ನಾವೆಲ್ಲರೂ ನೋಡಿರುವೆವು. ಬರಿಯ ಬೆಂಡು ಉಗುರಿಗೆ ಮುರಿಯುವದು. ಬರಿಯ ಸಿಬಿರು ಬಾಗಿ ಬಳುಕುವದು. ಎರಡೂ ಕೂಡಿದ ದಂಟು ಮಾತ್ರ ಆಳೆತ್ತರ ನಿಂತು ತೆನೆಯನ್ನು ಹೊರುವದು. ಒಳಗೆ ಹಗುರಾದ ತಿರುಳು, ಹೊರಗೆ ಬಿಗಿಯಾದ ಚರ್ಮ ಎಂಬ ಈ ಉಪಾಯವನ್ನೇ ಇಂಗ್ಲಂಡದ ಡಿ ಹ್ಯಾವಿಲೆಂಡ್ ಕಂಪನಿಯವರು ೧೯೪೦ರಲ್ಲಿ ಮೊದಲು ಹಾರಿದ ಮೊಸ್ಕಿಟೊ ಎಂಬ ಯುದ್ಧವಿಮಾನದಲ್ಲಿ ಬಳಸಿದರು. ಅದರ ಒಡಲಿಗೆ ತೆಳುವಾದ ಬರ್ಚ್ ಹಲಗೆಗಳ ನಡುವೆ ಬಾಲ್ಸಾ ಕಟ್ಟಿಗೆಯನ್ನು ಸೇರಿಸಿದ್ದರು. ದಕ್ಷಿಣ ಅಮೇರಿಕೆಯ ಈಕ್ವೆಡಾರಿನಲ್ಲಿ ಹೆಚ್ಚಾಗಿ ಬೆಳೆಯುವ ಈ ಬಾಲ್ಸಾ ಮರವೇ ಮಕ್ಕಳ ವಿಮಾನಗಳ ಮುಖ್ಯ ಸಾಮಗ್ರಿ. ತೇಗಿನ ತುಂಡು ತೂಗುವ ತೂಕದ ಸುಮಾರು ಕಾಲುಪಾಲು ಮಾತ್ರ ಅದು ತೂಗುವದು. ಅದು ದೊರೆಯದಲ್ಲಿ ಸೀಳಿದ ಬಿದಿರಿನ ಕಡ್ಡಿಯಿಂದಲೂ ಎಲುಬುಗೂಡನ್ನು ಕಟ್ಟಬಹುದು.

ಹೊದಿಕೆಯ ವಿಷಯದಲ್ಲಿಯೂ ನಮಗೆ ಮನೆಯ ಬಾಗಿಲಲ್ಲಿಯೇ ಒಂದು ಪಾಠಶಾಲೆಯಿದೆ. ಕೊಪ್ಪಳದಿಂದ ಹನ್ನೆರಡು ಹದಿಮೂರು ಕಿಲೋಮೀಟರಿನ ಮೇಲಿರುವ ಕಿನ್ನಾಳದ ಚಿತ್ರಗಾರರ ಗೊಂಬೆಗಳನ್ನು ಕಾಣದವರಾರು? ಭೌಗೋಳಿಕ ಸೂಚಕದ ಮಾನ್ಯತೆಯೂ ಈಗ ಅವುಗಳಿಗೆ ಇದೆ. ಒಳಗಿನ ಕಟ್ಟಿಗೆ ಅಲ್ಲಿಯೂ ಹಗುರಾದದ್ದೇ. ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುವರು. ಗೋಣಿಯ ನಾರನ್ನು ನೆನೆಯಿಟ್ಟು ಒಣಗಿಸಿ ಪುಡಿಮಾಡಿ, ಕಟ್ಟಿಗೆಯ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿ ಅರೆದ ‘ಕಿಟ್ಟ’ವನ್ನು ಮೈತುಂಬ ಬಳಿಯುವರು. ಅದರ ಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಸರಿ ಹಚ್ಚಿ, ಆಮೇಲೆ ಬಣ್ಣಕ್ಕೆ ಕೈಹಾಕುವರು. ಪ್ರತಿಯೊಂದು ಪದರವೂ ಹಿಂದಿನ ಪದರದ ತಪ್ಪನ್ನು ಮುಚ್ಚುವದು. ಅವರು ಮಾಡುವ ಗರುಡನಿಗೆ ರೆಕ್ಕೆಗಳಿವೆ. ಆದರೆ ಅವನು ಪೀಠದ ಮೇಲೆ ನಿಲ್ಲತಕ್ಕವನು. ಆದುದರಿಂದ ಪದರದ ಮೇಲೆ ಪದರ ಏರಿದಷ್ಟೂ ಅವನಿಗೆ ಕಳೆ.

ನಮ್ಮ ಓಣಿಯ ಹುಡುಗನೊಬ್ಬನು ಎರಡು ತಿಂಗಳು ದುಡಿದು ಇಂಥ ವಿಮಾನವೊಂದನ್ನು ಮಾಡಿದ್ದನು. ಬರಿಯ ಕಾಗದ ಹೊದ್ದ ಆ ವಿಮಾನವು ಅವನ ತಂದೆಗೆ ಬಡತನದ ವಸ್ತುವಿನಂತೆ ಕಂಡಿತು. ಮಗನ ಮೇಲಿನ ಪ್ರೀತಿಯಿಂದಲೇ ಅವರು ಅದನ್ನು ಬಣ್ಣದ ಅಂಗಡಿಯೊಂದಕ್ಕೆ ಒಯ್ದು, ಕೆಂಪು ಹಳದಿ ಬಣ್ಣಗಳನ್ನು ಎರಡು ಸಾರೆ ಹೊಡೆಸಿ, ಮೇಲೆ ವಾರ್ನಿಶು ಹಚ್ಚಿಸಿ ತಂದರು. ನೋಡಲು ಜಾತ್ರೆಯ ತೇರಿನಂತಿತ್ತು. ಹೊಲದಲ್ಲಿ ಕೈಬಿಟ್ಟರೆ ನಾಲ್ಕು ಹೆಜ್ಜೆಯ ಮೇಲೆ ಮೂಗು ಮಣ್ಣಿಗೆ ಹೆಟ್ಟಿತು. ಹುಡುಗನು ಅದನ್ನು ನನ್ನ ಮುಂದೆ ತಂದಿಟ್ಟು, “ಇಷ್ಟು ಚಂದ ಆಗೇತ್ರಿ ಮಾಸ್ತರ, ಯಾಕ ಹಾರವಲ್ದ್ರಿ?” ಎಂದನು. ಅವನ ತಂದೆಯೂ ಹಿಂದೆ ನಿಂತಿದ್ದರು. ಅವರ ಮುಖದಲ್ಲಿ ಹುಡುಗನಿಗಿಂತ ಹೆಚ್ಚಿನ ವ್ಯಥೆ ಕಾಣುತ್ತಿತ್ತು. ಮೂವರೂ ಅಕ್ಕಸಾಲಿಗರ ಅಂಗಡಿಗೆ ಹೋಗಿ ಅವರ ತಕ್ಕಡಿಯಲ್ಲಿ ತೂಗಿಸಿದೆವು. ಬಣ್ಣಕ್ಕಿಂತ ಮೊದಲು ೧೯ ಗ್ರಾಮಿತ್ತೆಂದು ಹುಡುಗನು ವಹಿಯಲ್ಲಿ ಬರೆದಿಟ್ಟಿದ್ದನು. ಈಗ ೪೧ ಇದ್ದಿತು.

ಮರುವಾರ ಕಿನ್ನಾಳಕ್ಕೆ ನನಗೆ ಬೇರೆ ಕೆಲಸವಿದ್ದಿತು. ಹುಡುಗನನ್ನೂ ಕರೆದುಕೊಂಡು ಹೋದೆನು. ಅಲ್ಲಿಯ ಹಿರಿಯ ಚಿತ್ರಗಾರರೊಬ್ಬರು ವಿಮಾನವನ್ನು ಅಂಗೈಯ ಮೇಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸಿ, “ತಮ್ಮಾ, ನಮ್ಮ ಗೊಂಬಿಗೆ ಇದು ಮೈ. ನಿನ್ನ ಗೊಂಬಿಗೆ ಇದು ಹೊರಿ. ಕಿತ್ತು ತಗಿ,” ಎಂದರು. ಹೊರೆಯೆಂಬ ಆ ಒಂದು ಮಾತು ನನ್ನ ಲೆಕ್ಕಗಳಿಗಿಂತ ಬೇಗನೆ ಅವನಿಗೆ ತಿಳಿಯಿತು. ಅಲ್ಲಿಯೇ ಕುಳಿತು ಅವರು ಅಂಟನ್ನು ತೆಳುವಾಗಿ ಸವರುವ ಕುಂಚದ ಹಿಡಿತವನ್ನೂ, ಬಡಿಗರ ಪಾಲೀಶ್ ಪೇಪರಿನಿಂದ ಮೂಲೆಗಳನ್ನು ನಯಗೊಳಿಸುವದನ್ನೂ ತೋರಿಸಿಕೊಟ್ಟರು. ಹುಡುಗನು ರೆಕ್ಕೆಯ ಹೊದಿಕೆಯೆಲ್ಲವನ್ನೂ ಹರಿದು ತೆಗೆದು ಹೊಸದಾಗಿ ಹೊದಿಸಿದನು. ಹರಿಯುವಾಗ ತಂದೆಯು ಎದ್ದು ಹೊರಗೆ ಹೋದರೆಂದು ಆಮೇಲೆ ಕೇಳಿದೆನು.

ಇನ್ನು ಯಲಬುರ್ಗಿಯ ಬಾಲಕನು ಮಾಡತಕ್ಕದ್ದೇನೆಂದರೆ, ಬಣ್ಣ ಬಳಿದ ಹೊದಿಕೆಯನ್ನು ತೆಗೆದುಬಿಡಬೇಕು. ಎಲುಬುಗೂಡನ್ನು ತೀರ ಸಣ್ಣ ಹರಳಿನ ಪಾಲೀಶ್ ಪೇಪರಿನಿಂದ ಮೆಲ್ಲಗೆ ತಿಕ್ಕಿ, ಅಂಟಿನ ಗಂಟುಗಳೆಲ್ಲ ಹೋದವೇ ಎಂದು ಕಣ್ಣು ಮುಚ್ಚಿ ಬೆರಳಾಡಿಸಿ ನೋಡಬೇಕು. ಕಣ್ಣಿಗೆ ಕಾಣದ ಗಂಟು ಬೆರಳಿಗೆ ಸಿಗುವದು. ಕಾಗದ ಹೊದಿಸಿದ ಮೇಲೆ ಅದೇ ಗಂಟು ಗುಡ್ಡದಂತೆ ಎದ್ದು ಕಾಣುವದು.

ಟಿಶ್ಯೂ ಕಾಗದಕ್ಕೆ ಬಟ್ಟೆಯಂತೆಯೇ ಎಳೆಯ ದಿಕ್ಕು ಉಂಟು. ಒಂದು ಮೂಲೆಯಲ್ಲಿ ಹರಿದು ನೋಡಿದರೆ ಒಂದು ದಿಕ್ಕಿಗೆ ನೇರವಾಗಿಯೂ ಇನ್ನೊಂದಕ್ಕೆ ಅಡ್ಡಾದಿಡ್ಡಿಯಾಗಿಯೂ ಹರಿಯುವದು. ನೇರವಾಗಿ ಹರಿಯುವದೇ ಎಳೆಯ ದಿಕ್ಕು. ಅದು ರೆಕ್ಕೆಯ ಉದ್ದಕ್ಕೆ ಬರುವಂತೆ ಇಡಬೇಕು. ಅಡ್ಡ ಇಟ್ಟರೆ ಪಕ್ಕೆಲುಬುಗಳ ನಡುವೆ ಕಾಗದವು ಜೋತುಬಿದ್ದು ಹಸಿದ ದನದ ಹೊಟ್ಟೆಯಂತೆ ಕಾಣುವದು. ಸೊಟ್ಟಾಗುವದನ್ನು ತಪ್ಪಿಸಲು ಉತ್ತಮ ಉಪಾಯವೆಂದರೆ, ಹೊದಿಸುವ ಮೊದಲೇ ಕಾಗದವನ್ನು ಒಂದು ಚೌಕಟ್ಟಿನ ಅಂಚಿಗೆ ಅಂಟಿಸಿ, ನೀರು ಚಿಮುಕಿಸಿ ಒಣಗಿಸುವದು. ಕುಗ್ಗಬೇಕಾದಷ್ಟು ಬಹುಮಟ್ಟಿಗೆ ಅಲ್ಲಿಯೇ ಕುಗ್ಗಿ ಹೋಗುವದರಿಂದ ರೆಕ್ಕೆಯನ್ನು ಹಿಂಡುವ ಬಲವು ಅದರಲ್ಲಿ ಹೆಚ್ಚು ಉಳಿಯುವದಿಲ್ಲ. ಬಾಲದ ಹಲಗೆಗೆ ಇದು ಅವಶ್ಯವೇ. ಅದರ ಕಡ್ಡಿಗಳು ಅಷ್ಟು ತೆಳುವು.

ಅಂಟಿಗೆ ಮೈದಾದ ತೆಳುವಾದ ಸರಿ ಸಾಕು. ಗಂಜಿಯ ತಿಳಿಯಷ್ಟು ತೆಳುವಾಗಿ ಕುದಿಸಿ, ಸೋಸಿ, ಆರಿದ ಮೇಲೆ ಬಳಸಬೇಕು. ಮೊದಲು ಕೆಳಮಗ್ಗುಲು, ಆಮೇಲೆ ಮೇಲ್ಮಗ್ಗುಲು. ಮುಂಗಂಚು ಹಿಂಗಂಚುಗಳಿಗೂ ಎರಡು ತುದಿಗಳಿಗೂ ಅಂಟು ಹಚ್ಚಿದರೆ ಸಾಕು. ರೆಕ್ಕೆಯು ಕೆಳಗೆ ಒಳಬಾಗಿದ್ದರೆ ಮಾತ್ರ ಅಲ್ಲಿಯ ಪ್ರತಿಯೊಂದು ಪಕ್ಕೆಲುಬಿಗೂ ಹಚ್ಚಬೇಕಾಗುವದು. ಒಂದೇ ಮಗ್ಗುಲು ಹೊದಿಸಿ ನೀರು ಚಿಮುಕಿಸಬಾರದು. ಆ ಮಗ್ಗುಲು ಎಳೆದು ರೆಕ್ಕೆಯು ಬಿಲ್ಲಾಗುವದು. ಎರಡೂ ಆದ ಮೇಲೆ, ಮಂಜು ಬಿದ್ದಂತೆ ನೀರನ್ನು ಊದಿ, ರೆಕ್ಕೆಯನ್ನು ಸಮತಟ್ಟಾದ ಹಲಗೆಯ ಮೇಲೆ ಸಣ್ಣ ತುಂಡುಗಳ ಆಸರೆಯಿಂದ ತುಸು ಎತ್ತಿ, ಗುಂಡುಸೂಜಿಗಳಿಂದ ಹಿಡಿಸಿ, ರಾತ್ರಿಯೆಲ್ಲ ಬಿಡಬೇಕು. ಬಿಸಿಲಿನಲ್ಲಿಡುವದು ಖಂಡಿತ ಸಲ್ಲದು. ಸೋದರಿಯ ಮಗನ ರೆಕ್ಕೆಯು ಸೊಟ್ಟಾದದ್ದು ಕೈಯಲ್ಲಿ ಹಿಡಿದು ಒಣಗಿಸಿದ್ದರಿಂದ ಇರಬೇಕೆಂದು ನನ್ನ ತರ್ಕ.

ಕಾಗದವು ಡೊಳ್ಳಿನ ಚರ್ಮದಂತೆ ಬಿಗಿದ ಮೇಲೆ ಅದಕ್ಕೆ ‘ಡೋಪು’ ಎಂಬ ದ್ರವವನ್ನು ಒಂದು ಸಲ, ಹೆಚ್ಚೆಂದರೆ ಎರಡು ಸಲ ಸವರುವದುಂಟು. ಇದು ಕಾಗದದ ರಂಧ್ರಗಳನ್ನು ಮುಚ್ಚಿ ತೇವವನ್ನು ತಡೆಯುವದು. ಅಷ್ಟೇ ಪ್ರಮಾಣದ ಥಿನ್ನರು ಬೆರೆಸಿ ತೆಳುವಾಗಿಸಿಕೊಳ್ಳಬೇಕು. ೩೦ ಮಿಲಿಲೀಟರಿಗೆ ನಾಲ್ಕೈದು ಹನಿ ಹರಳೆಣ್ಣೆ ಬೆರೆಸಿದರೆ ಡೋಪು ಅತಿಯಾಗಿ ಬಿಗಿಯುವದಿಲ್ಲ. ಕಾಗದವೂ ಕಾಲಾಂತರದಲ್ಲಿ ಸೀಳುವದಿಲ್ಲ. ಬಾಣಂತಿಯ ಕೋಣೆಯ ಹರಳೆಣ್ಣೆಗೆ ವಿಮಾನದಲ್ಲಿಯೂ ಸ್ಥಾನವಿದೆಯೆಂದು ತಿಳಿದು ನಮ್ಮ ಮನೆಯವರು ಬಹಳ ಸಂತೋಷಪಟ್ಟರು.

ಆದರೆ ಇಲ್ಲಿ ಹಿರಿಯರ ಕಣ್ಣು ಇರಲೇಬೇಕು. ಡೋಪು ಬೆಂಕಿಗೆ ಬಹು ಬೇಗನೆ ಹತ್ತಿಕೊಳ್ಳುವದು. ಅಡುಗೆಮನೆಯಲ್ಲಿಯಾಗಲಿ, ದೇವರ ದೀಪದ ಸಮೀಪದಲ್ಲಿಯಾಗಲಿ ಅದರ ಡಬ್ಬಿಯನ್ನು ತೆರೆಯಕೂಡದು. ಗಾಳಿಯಾಡುವ ಪಡಸಾಲೆಯಲ್ಲಿಯೇ ಈ ಕೆಲಸ ನಡೆಯಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲಂಡದ ಕಾರಖಾನೆಗಳಲ್ಲಿ ರೆಕ್ಕೆಗಳಿಗೆ ಬಟ್ಟೆ ಹೊಲಿದು ಡೋಪು ಬಳಿಯುತ್ತಿದ್ದವರಲ್ಲಿ ಹೆಂಗಸರು ಅನೇಕರು. ಆಗಿನ ಡೋಪಿನಲ್ಲಿದ್ದ ಒಂದು ದ್ರಾವಕದ ಆವಿಯಿಂದ ಕಾಮಾಲೆ ತಗಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ದ್ರಾವಕವನ್ನು ಆಮೇಲೆ ಕೈಬಿಡಲಾಯಿತು. ಆದರೂ ಈಗಿನದರ ಆವಿಯನ್ನು ಸಹ ಮೂಗಿನ ಹತ್ತಿರ ಬಿಟ್ಟುಕೊಳ್ಳತಕ್ಕದ್ದಲ್ಲ. ಡೋಪು ಬೇಡವೆನಿಸಿದರೆ ಬಿಟ್ಟರೂ ನಡೆಯುವದು. ನಮ್ಮ ಒಣ ಸೀಮೆಯಲ್ಲಿ ಚಳಿಗಾಲ ಬೇಸಿಗೆಗಳಲ್ಲಿ ಬರಿಯ ಕಾಗದವೂ ಬಿಗಿಯಾಗಿಯೇ ಇರುವದು. ಗಂಗಾವತಿಯ ಕಾಲುವೆ ಸೀಮೆಯ ಗದ್ದೆಗಳ ನಡುವೆ ಇರುವವರಿಗೆ ಮಾತ್ರ ತೇವದ ಕಾಟ ಹೆಚ್ಚು. ಅವರು ಒಂದು ಸಲ ಸವರುವದು ಲೇಸು.

ಬಣ್ಣದ ಆಸೆಯನ್ನು ತೀರ ಕೊಲ್ಲಬೇಕೆಂದು ನಾನು ಹೇಳುವದಿಲ್ಲ. ಬಣ್ಣ ಬಳಿಯುವದರ ಬದಲು ಬಣ್ಣದ ಟಿಶ್ಯೂ ಕಾಗದವನ್ನೇ ಹೊದಿಸಿರಿ. ಅಕ್ಷರ, ಅಂಕಿ, ಪಟ್ಟಿಗಳನ್ನು ಬೇರೆ ಬಣ್ಣದ ಟಿಶ್ಯೂವಿನಿಂದಲೇ ಕತ್ತರಿಸಿ ಅಂಟಿಸಿರಿ. ರಂಗವಲ್ಲಿಯಲ್ಲಿ ಕೈ ನುರಿತ ಮನೆಯ ಹೆಣ್ಣುಮಕ್ಕಳಿಗೆ ಈ ಕೆಲಸ ಹುಡುಗರಿಗಿಂತ ಚೆನ್ನಾಗಿ ಸಾಧಿಸುವದು. ಅವರನ್ನು ದೂರವಿಡುವದು ಏತಕ್ಕೆ? ಬಾಲಕ್ಕೆ ಮಾತ್ರ ಯಾವ ಅಲಂಕಾರವೂ ಬೇಡ. ಅದು ತೂಗುವ ಕೇಂದ್ರದಿಂದ ದೂರವಿರುವದರಿಂದ ಅಲ್ಲಿ ಒಂದು ಗ್ರಾಮು ಏರಿದರೆ ಮೂಗಿನಲ್ಲಿ ಎರಡು ಮೂರು ಗ್ರಾಮು ಜೇಡಿಮಣ್ಣು ಮೆತ್ತಿ ಸರಿದೂಗಿಸಬೇಕಾಗುವದು. ರೆಕ್ಕೆಯ ಮುಂಗಂಚಿನಿಂದ ಅದರ ಅಗಲದ ಮೂರನೆಯ ಒಂದು ಪಾಲಿನ ಹತ್ತಿರ ಎರಡು ಬೆರಳುಗಳ ತುದಿಯ ಮೇಲಿಟ್ಟಾಗ ವಿಮಾನವು ಸಮವಾಗಿ ನಿಂತರೆ ತೂಕ ಸರಿಯಾಗಿದೆಯೆಂದು ತಿಳಿಯತಕ್ಕದ್ದು.

ಈಗ ಅಟ್ಟದ ಪ್ರಶ್ನೆ. ೧೮೭೧ರ ಆಗಸ್ಟಿನಲ್ಲಿ ಪ್ಯಾರಿಸಿನ ಒಂದು ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ತರುಣನು ರಬ್ಬರಿನ ಹುರಿಯಿಂದ ನಡೆಯುವ ಚಿಕ್ಕ ವಿಮಾನವನ್ನು ೧೧ ಸೆಕೆಂಡು, ಸುಮಾರು ೪೦ ಮೀಟರು ಹಾರಿಸಿದನು. ಅವನದೇ ಮಾದರಿಯ ಮೇಲಕ್ಕೇರುವ ಆಟಿಕೆಯೊಂದನ್ನು ೧೮೭೮ರಲ್ಲಿ ಅಮೇರಿಕೆಯ ಪಾದ್ರಿಯೊಬ್ಬರು ತಮ್ಮ ಇಬ್ಬರು ಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. ೧೯೦೩ರ ಡಿಸೆಂಬರ ೧೭ರಂದು ಅವರು ಮೊದಲು ಹಾರಿಸಿದ ವಿಮಾನವೂ ಕಟ್ಟಿಗೆಯ ಗೂಡು, ಬಟ್ಟೆಯ ಹೊದಿಕೆ. ಹಾರಿದ್ದು ೧೨ ಸೆಕೆಂಡು. ನಮ್ಮ ನಾಡಿನಲ್ಲಿ ೧೯೪೦ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ತೆರೆದರು. ವಿಷ್ಣು ಮಾಧವ ಘಾಟಗೆಯವರು ರೂಪಿಸಿದ ಎಚ್‌ಟಿ-೨ ವಿಮಾನವು ೧೯೫೧ರ ಆಗಸ್ಟ ೫ರಂದು ಅಲ್ಲಿಂದ ಮೇಲೇರಿತು. ಆಟಿಕೆ ಕಟ್ಟಿದ ಪ್ರತಿಯೊಬ್ಬ ಹುಡುಗನೂ ರೈಟನಾಗುವನೆಂದು ಆಸೆ ತೋರಿಸಲಿಕ್ಕೆ ಇದನ್ನು ಬರೆದಿಲ್ಲ. ಹಾಗೆ ಹೇಳುವದು ತಾಯಿತಂದೆಗಳನ್ನು ವಂಚಿಸಿದಂತೆ. ನನ್ನ ಕಾರಣ ಬೇರೆ. ಮೂವತ್ತು ವರುಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವನು ನಾನು. ವರ್ಗ, ಪ್ರಮಾಣ, ದಶಾಂಶಗಳನ್ನು ಬಾಯಿಪಾಠದಿಂದ ಒಪ್ಪಿಸಿದ ಮಕ್ಕಳನ್ನು ಬಹಳ ಕಂಡಿರುವೆನು. ತನ್ನ ವಿಮಾನವು ಏಳದಿದ್ದಾಗ ಅವುಗಳನ್ನು ತಾನೇ ಹುಡುಕಿಕೊಂಡು ಬಂದ ಹುಡುಗನನ್ನು ಮಾತ್ರ ಅಪರೂಪವಾಗಿ ಕಂಡಿರುವೆನು. ಆ ಹಸಿವೆಯನ್ನು ಅಟ್ಟಕ್ಕೆ ಏರಿಸಿದರೆ ಪರೀಕ್ಷೆ ಮುಗಿದ ಮೇಲೆ ಇಳಿಸಿಕೊಳ್ಳಲು ಬಾರದು.

ಹಾಗೆಂದು ಹೊತ್ತುಗೊತ್ತಿಲ್ಲದೆ ಬಿಡಬೇಕೆಂದಲ್ಲ. ರವಿವಾರ ಮುಂಜಾನೆ ಮೂರು ತಾಸು, ಉಳಿದ ದಿನ ಮುಟ್ಟಕೂಡದೆಂದು ಗೊತ್ತುಮಾಡಿರಿ. ಅಂಟು ಒಣಗಲು ಹೇಗೂ ಕಾಯಲೇಬೇಕಾದುದರಿಂದ ಆಟದ ಸ್ವಭಾವವೂ ಇದಕ್ಕೆ ಒಪ್ಪುವದು. ಖರ್ಚಿಗೆ ಮಿತಿ ಹಾಕಿರಿ. ಅದರಲ್ಲಿ ಒಂದು ಸಣ್ಣ ತೂಕದ ಯಂತ್ರ ಮೊದಲು ಬರಲಿ, ಬಣ್ಣದ ಡಬ್ಬಿ ಬೇಡ. ಪ್ರತಿಯೊಂದು ಭಾಗವನ್ನೂ ಹೊದಿಸುವ ಮೊದಲು, ಹೊದಿಸಿದ ಮೇಲೆ ತೂಗಿ ಬರೆದಿಡಲಿ. ಯಜಮಾನರಿಗೆ ಒಂದು ವಿಶೇಷ ವಿನಂತಿ: ಸೊಟ್ಟಗಿದ್ದರೂ ಅವನ ಕೆಲಸವನ್ನು ತಾವು ತಿದ್ದಿ ಕೊಡಲಿಕ್ಕೆ ಹೋಗಬೇಡಿರಿ.

ಹಾರಿಸುವ ಕಾಲದ ಮಾತೊಂದು ಉಳಿಯಿತು. ಆಷಾಢದಲ್ಲಿ ಕುಷ್ಟಗಿ ಯಲಬುರ್ಗಿಯ ದಿನ್ನೆಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯು ೧೮ ಗ್ರಾಮಿನ ವಿಮಾನಕ್ಕೆ ಹಿತವಾದದ್ದಲ್ಲ. ಜೋಳ ಕಡಲೆಗಳ ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ, ಬೆಳಗಿನ ಜಾವ ಹೊಗೆಯು ನೆಟ್ಟಗೆ ಮೇಲೇರುವ ಹೊತ್ತೇ ಸರಿಯಾದದ್ದು. ಮೊದಲ ದಿನ ರಬ್ಬರು ತಿರುವದೆ, ಮೊಣಕಾಲೂರಿ ಕುಳಿತು, ಕೈಯಿಂದ ಮೆಲ್ಲಗೆ ನೂಕಿ ತೇಲುವ ಬಗೆಯನ್ನು ನೋಡಿರಿ. ಅಲ್ಲಿಯ ತನಕ ವಿಮಾನವನ್ನು ಗೋಡೆಗೆ ಒರಗಿಸದೆ, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಹಿಡಿ ಒಣ ಬೇವಿನ ಎಲೆಯೊಡನೆ ಇಡಿರಿ. ಮೈದಾದ ಅಂಟಿನ ವಾಸನೆಯನ್ನು ಜಿರಲೆಗಳು ಬೇಗನೆ ಕಂಡುಹಿಡಿಯುತ್ತವೆ.